ಒಂದು ಎಳೆ ಕಹಿ

ಅಕ್ಕ ಎಲ್ಲದಕ್ಕೂ "ಚೆನ್ನಾಗಿದೆ" ಅನ್ನಲು ಶುರುಮಾಡಿದಾಗಲೇ ವಾಷರ್ ಮಾಮನ ಎದೆ ಧಸಕ್ಕೆಂದಿತ್ತು.

ಮಾಮ ನಲವತ್ತು ವರ್ಷ ಜನರ ಮನೆಯ ನಲ್ಲಿ, ಪೈಪು, ನೀರಿನ ಟ್ಯಾಂಕು ರಿಪೇರಿ ಮಾಡಿಕೊಂಡು ಬಂದವನು. ಎಲ್ಲಿಗೆ ಹೋದರೂ ಜೇಬಿನಲ್ಲಿ ನಾಲ್ಕು ರಬ್ಬರ್ ವಾಷರ್ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಕೆಲಸ ಬಿಟ್ಟು ಮನೆ ಹಿಡಿದರೂ ಹೆಸರು ಅವನನ್ನು ಬಿಟ್ಟಿರಲಿಲ್ಲ. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ಉಜ್ಜಿ ತಮ್ಮನನ್ನು ಸಾಕಿದವಳು. ಇಸ್ತ್ರಿಯವಳ ಕಣ್ಣಲ್ಲವೇ, ಸುಕ್ಕಿಲ್ಲದ ಒಂದು ವಸ್ತುವನ್ನೂ ಅವಳು ಈ ಲೋಕದಲ್ಲಿ ಕಂಡಿರಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವರು ಬೇಕಾದಷ್ಟು ಜನ ಇದ್ದಾರೆ; ಅಕ್ಕ ಆ ಕಲ್ಲಿನಲ್ಲೂ ಹುಳುಕು ತೋರಿಸುವವಳು. ಊಟಕ್ಕೆ ಕೂತರೆ ಉಪ್ಪು ಕಡಿಮೆ, ಕೈ ತೊಳೆಯಲು ಎದ್ದರೆ ನೀರು ತಣ್ಣಗೆ.

ಅಂಥವಳಿಗೆ ಹೋದ ವರ್ಷ ದೊಡ್ಡ ಕಾಯಿಲೆ ಬಂತು. ಆಪರೇಷನ್ ಆಯಿತು, ಔಷಧಿಯ ಮೇಲೆ ಔಷಧಿ ಆಯಿತು. ಜೀವ ಉಳಿಯಿತು, ನಾಲಿಗೆಯ ರುಚಿ ಹೋಯಿತು. ಏನು ತಿಂದರೂ ಮಣ್ಣು. ಮೊದಮೊದಲು ಬೈದಳು. ಆಮೇಲೆ ಬೈಯುವುದನ್ನೂ ಬಿಟ್ಟು, ಯಾರು ಏನು ಕೊಟ್ಟರೂ "ಚೆನ್ನಾಗಿದೆ" ಅನ್ನತೊಡಗಿದಳು. ಅವಳು ತನ್ನೂರಿನಿಂದ ಬಂದಿದ್ದಾಗ ಮಾಮನ ಹೆಂಡತಿ ಒಮ್ಮೆ ಉಪ್ಪೇ ಹಾಕದ ಸಾರು ಬಡಿಸಿಬಿಟ್ಟಿದ್ದಳು. ಅದಕ್ಕೂ "ಚೆನ್ನಾಗಿದೆ". ಆ ದಿನ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಡಾಕ್ಟರನ್ನು ಕೇಳಿದರೆ, "ಕೆಲವರಿಗೆ ರುಚಿ ಮರಳಿ ಬರುತ್ತೆ, ಕೆಲವರಿಗೆ ಇಲ್ಲ, ಕಾದು ನೋಡಿ" ಅಂದರು. ಎಂಟು ತಿಂಗಳು ಕಾಫಿ ಮುಟ್ಟಬಾರದು ಅಂದಿದ್ದವರು ಈ ಸಲ ಮಾತ್ರ, ದಿನಕ್ಕೆ ಒಂದು ಸಣ್ಣ ಕಪ್ಪು ಕುಡಿಯಬಹುದು ಅಂದರಂತೆ. ಅಕ್ಕ ಅದನ್ನು ಫೋನಿನಲ್ಲಿ ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದಳು.

"ಕುಡಿದೇನು ಮಾಡೋದು ಬಿಡೋ. ಬಿಸಿನೀರೂ ಒಂದೇ, ಕಾಫಿನೂ ಒಂದೇ."

ಮಾಮ ಕೂತಲ್ಲಿಂದ ಎದ್ದೇಬಿಟ್ಟ. "ಅಕ್ಕಾ, ಮೊದಲನೇ ಕಪ್ಪು ನಮ್ಮನೇಲಿ. ಶುಕ್ರವಾರ ಬಾ. ಅಲ್ಲೀವರೆಗೂ ಯಾರು ಕೊಟ್ಟರೂ ಕುಡೀಬೇಡ. ನನ್ನಾಣೆ!"

"ಆಯ್ತಪ್ಪ. ಹತ್ತು ಗಂಟೆಗೆ ಬಂದು ಸಂಜೆ ಬಸ್ಸಿಗೆ ಹೊರಟುಬಿಡ್ತೀನಿ."

ಲಾಂಡ್ರಿಯ ಕಾಲದಲ್ಲಿ ಅಕ್ಕ ನಸುಕಿನಲ್ಲೇ ಎದ್ದು ಕಾಫಿ ಕಾಸಿ, ಅದು ಆರದಿರಲೆಂದು ಇನ್ನೊಂದು ಇಸ್ತ್ರಿ ಪೆಟ್ಟಿಗೆಯನ್ನು ತಲೆಕೆಳಗು ನಿಲ್ಲಿಸಿ ಅದರ ಮೇಲೆ ಲೋಟ ಇಡುತ್ತಿದ್ದಳು. ಹತ್ತು ಅಂಗಿಗೆ ಒಂದು ಗುಟುಕು. ಕೊನೆಯ ಗುಟುಕು ತಮ್ಮನಿಗೆ. ಆ ಗುಟುಕಿನ ರುಚಿ ಮಾಮನ ನಾಲಿಗೆಯಿಂದ ಇವತ್ತಿಗೂ ಇಳಿದಿಲ್ಲ. ಅವಳ ನಾಲಿಗೆಯನ್ನು ಯಾವುದಾದರೂ ಎಬ್ಬಿಸುವುದಾದರೆ ಅದೇ ಎಬ್ಬಿಸಬೇಕು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಬರಬೇಕಾದದ್ದು ಅವಳ ಬಾಯಿಂದ ಹೊಗಳಿಕೆಯಲ್ಲ, ಒಂದೇ ಒಂದು ಬೈಗುಳ.

ಸೋಮವಾರ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ, ಕಾಫಿ ಬೀಜವನ್ನು ಅಲ್ಲೇ ಹುರಿದು ಮಾರುವ ಅಂಗಡಿಗೆ ಹೋದ. ಅಂಗಡಿಯಾಕೆ ದಪ್ಪ ಕನ್ನಡಕದ ಹೆಂಗಸು, ಕೈಯೆಲ್ಲ ಕಂದು ಸಿಪ್ಪೆ. ಮೂರು ಡಬ್ಬ ಮುಂದಿಟ್ಟಳು. ಮಾಮ ಮೂಗನ್ನು ಒಂದೊಂದರೊಳಗೂ ಕಿವಿಯವರೆಗೆ ಇಳಿಸಿ ನೋಡಿದ.

"ಮೂಸಿದ್ದು ಸಾಕು ಯಜಮಾನರೇ, ಒಂದು ಬೀಜ ಕಚ್ಚಿ ನೋಡಿ," ಅಂದಳು ಆಕೆ. "ಮೂಗು ಸುಳ್ಳು ಹೇಳುತ್ತೆ, ಹಲ್ಲು ಹೇಳಲ್ಲ."

ಮೊದಲನೆಯದು ಕಪ್ಪಗೆ ಎಣ್ಣೆ ಬಿಟ್ಟುಕೊಂಡಿತ್ತು, ಕಚ್ಚಿದರೆ ಇದ್ದಿಲು. ಎರಡನೆಯದು ತೀರಾ ಎಳಸು, ಹುಳಿ. ಮೂರನೆಯದರ ಬೀಜ ಎಲ್ಲದರ ಹಾಗೆ ಒಂದು ಕಡೆ ಚಪ್ಪಟೆಯಾಗಿರದೆ ಬಟಾಣಿಯಂತೆ ದುಂಡಗಿತ್ತು. ಕಚ್ಚಿದ ಕೂಡಲೇ ಹಲ್ಲಿನ ನಡುವೆ ಟಕ್ಕೆಂದು ಒಡೆದು, ಮೊದಲು ಕಹಿಯಾಗಿ, ಹಿಂದೆಯೇ ಎಲ್ಲಿಂದಲೋ ಒಂದು ಸಿಹಿ ಬಂತು. ಮಾಮನ ಮೈ ಝುಮ್ಮೆಂದಿತು. ಲಾಂಡ್ರಿ, ಹಬೆ, ಒದ್ದೆ ಬಟ್ಟೆಯ ವಾಸನೆ ಎಲ್ಲ ಒಟ್ಟಿಗೇ ಕಣ್ಮುಂದೆ ಬಂದು ನಿಂತವು.

"ಇದೇ! ಇದೇ ಕಣಮ್ಮ!" ಎಂದು ಕೂಗಿದ ರಭಸಕ್ಕೆ ಪಕ್ಕದ ಗಿರಾಕಿ ಬೆಚ್ಚಿ ಹಿಂದೆ ಸರಿದ.

"ಒಂದು ಕಾಯಲ್ಲಿ ಎರಡು ಬೀಜ ಇರೋದು ರೂಢಿ. ಒಂದೇ ಬೆಳೆದರೆ ಹೀಗೆ ದುಂಡಗಾಗುತ್ತೆ," ಎನ್ನುತ್ತ ಆಕೆ ತೂಕ ಹಾಕಿದಳು. "ಕೇಳಿ ಇಲ್ಲಿ. ಇವತ್ತು ಬೆಳಿಗ್ಗೆ ಹುರಿದದ್ದು, ನಾಲ್ಕು ದಿನ ಸುಮ್ಮನೆ ಬಿಡಿ. ಬಿಸಿಲು, ಒಲೆ, ತೇವ, ಗಾಳಿ, ಈ ನಾಲ್ಕೂ ಇದಕ್ಕೆ ಆಗಿಬರಲ್ಲ. ಆದರೆ ಹುರಿದ ಬೀಜ ಒಳಗಿಂದ ಉಸಿರು ಬಿಡ್ತಿರುತ್ತೆ, ಆ ಉಸಿರು ಹೊರಗೆ ಹೋಗೋಕೆ ಸ್ವಲ್ಪ ಸಂದು ಇರಲಿ..."

ಮಾಮನ ಕಿವಿಗೆ "ಗಾಳಿ ಆಗಿಬರಲ್ಲ" ಎಂಬುದರ ಆಚೆ ಬಿದ್ದದ್ದು ಒಂದಕ್ಷರವೂ ತಲೆಗೆ ಇಳಿಯಲಿಲ್ಲ. ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಮನೆಗೆ ಬಂದವನೇ ಮೇಜಿನ ಮೇಲೆ ಬೀಜ ಸುರಿದ. ಹೆಂಡತಿ ಹೊಲಿಗೆ ಮಿಷನ್ ಬಿಟ್ಟು, ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದಳು. ಅವಳಿಗೊಂದು ಚಾಳಿ. ಹೊಲಿಯಲು ಯಾವ ಬಟ್ಟೆ ಬಂದರೂ ಅಂಚಿನಿಂದ ಎರಡು ಬೆರಳಗಲ ಕತ್ತರಿಸಿ, ಕಾಗದದಲ್ಲಿ ಮಡಿಸಿ, ಗುಂಡುಸೂಜಿ ಚುಚ್ಚಿ, ತಾರೀಖು ಬರೆದು ಡ್ರಾಯರಿನಲ್ಲಿ ಇಡುವುದು. ಮುಂದೆ ದಾರ ಹೊಂದಿಸಬೇಕಾದರೆ ಮಾದರಿ ಬೇಕಲ್ಲ ಎಂದು. ವರ್ಷ ಕಳೆದಂತೆ ಆ ಚಾಳಿ ಬಟ್ಟೆ ದಾಟಿ ಸಾಬೂನಿನ ಪುಡಿ, ಬೇಳೆ, ಗೋಡೆಯ ಬಣ್ಣದವರೆಗೂ ಹಬ್ಬಿತ್ತು. ಈಗಲೂ ಸುಮ್ಮನೆ ಒಂದು ಹಿಡಿ ಬೀಜ ಎತ್ತಿ ಕಾಗದದಲ್ಲಿ ಕಟ್ಟತೊಡಗಿದಳು.

"ಏಯ್, ಏಯ್! ಕಾಫಿಗೂ ಮಾದರಿನಾ? ಇದರಲ್ಲಿ ಜಾಕೀಟು ಹೊಲೀತೀಯಾ?"

"ಮುಂದೆ ಇಂಥದ್ದೇ ಬೇಕು ಅಂದ್ರೆ ಅಂಗಡಿಯವರಿಗೆ ಏನು ತೋರಿಸ್ತೀರಿ? ನಿಮ್ಮ ಮುಖಾನಾ?"

"ಅಕ್ಕನ ಪಾಲಿಗೆ ಕತ್ತರಿ ಹಾಕ್ತಾಳಲ್ಲಪ್ಪ ಇವಳು!" ಎಂದು ಗೊಣಗಿದ. ಅವಳು ಸೂಜಿ ಚುಚ್ಚಿ ಡ್ರಾಯರಿಗೆ ಹಾಕಿಯೇ ಹಾಕಿದಳು.

ಮಾಮ ಉಳಿದದ್ದನ್ನು ತಗಡಿನ ಡಬ್ಬಿಗೆ ಕಂಠಮಟ್ಟ ತುಂಬಿದ. ಜೀವಮಾನವಿಡೀ ಸೋರುವುದರ ಮೇಲೆ ಯುದ್ಧ ಮಾಡಿದ ಕೈ ಅದು. ಬರಿಯ ಮುಚ್ಚಳವನ್ನು ನಂಬೀತೆ? ಮುಚ್ಚಳದೊಳಗೆ ಅಳತೆಗೆ ಸರಿಯಾಗಿ ರಬ್ಬರ್ ವಾಷರ್ ಕೊರೆದು ಕೂರಿಸಿದ. ಮುಚ್ಚಳವನ್ನು ಗುದ್ದಿ ಇಳಿಸಿದ. ಸುತ್ತ ಪೈಪಿಗೆ ಸುತ್ತುವ ಬಿಳಿ ಟೇಪು ಏಳು ಸುತ್ತು, ಅದರ ಮೇಲೆ ಕರಿ ಟೇಪು ನಾಲ್ಕು ಸುತ್ತು. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ಎಂದೂ ನೋಡಿದ. ಒಂದೂ ಬರಲಿಲ್ಲ.

"ಇನ್ನು ಇದರೊಳಕ್ಕೆ ಯಮ ಬಂದರೂ ನುಗ್ಗೋಕಾಗಲ್ಲ," ಎಂದು ಬೀಗಿದ.

ಆ ನಾಲ್ಕು ದಿನ ಮಾಮ ನಿಂತಲ್ಲಿ ನಿಲ್ಲಲಿಲ್ಲ. ಮನೆಯಲ್ಲಿದ್ದ ಹಳೆಯ ಬೀಜವನ್ನೇ ಕೈಯಂತ್ರದಲ್ಲಿ ಬೀಸಿ ದಿನಕ್ಕೆ ಮೂರು ಸಲ ಅಭ್ಯಾಸ. ಹೆಂಡತಿ ಹೊಸ ಬಟ್ಟೆಯಲ್ಲಿ ಸೋಸುವ ಚೀಲ ಹೊಲಿದುಕೊಟ್ಟಳು, ಮೂರು ಸಲ ಬಿಚ್ಚಿಸಿ ಮೂರು ಸಲ ಹೊಲಿಸಿದ. ಪುಡಿ ತೀರಾ ನುಣ್ಣಗಾದರೆ ನೀರು ಇಳಿಯದು, ತರಿಯಾದರೆ ರಸ ಬಿಡದು, ಸಣ್ಣ ರವೆಯಷ್ಟಿರಬೇಕು. ಕುದಿವ ನೀರು ಸುರಿದರೆ ಕಹಿ ಏಳುತ್ತದೆ. ಒಲೆ ಆರಿಸಿ, ಕೆಟಲಿನ ಗಲಗಲ ನಿಂತು, ಒಂದು ನಿಮಿಷ ಕಳೆದ ಮೇಲೇ ಸುರಿಯಬೇಕು. ಇಷ್ಟನ್ನು ಕಲಿಯುವಷ್ಟರಲ್ಲಿ ಗುರುವಾರ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಮಾಮ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಅಡುಗೆಮನೆಯ ತೊಟ್ಟಿಯ ಬಳಿ ಬೆಳಕಿಗೆ ನಿಂತ. ಮುಚ್ಚಳ ಮೇಲಕ್ಕೆ ಉಬ್ಬಿಕೊಂಡಿತ್ತು.

"ಲೇ, ಬಾ ಇಲ್ಲಿ! ಡಬ್ಬಿಗೆ ಹೊಟ್ಟೆ ಬಂದಿದೆ ನೋಡು!"

ಟೇಪಿನ ಕೊನೆಯ ಸುತ್ತು ಬಿಚ್ಚಿದ್ದೇ ತಡ, ಢಂ! ಮುಚ್ಚಳ ಹಾರಿ ಹಣೆಗೆ ಬಡಿಯಿತು. ಬೆಚ್ಚಿದ ಕೈಯಿಂದ ಡಬ್ಬಿ ಜಾರಿ, ಕೆಳಗೆ ಬಟ್ಟೆ ನೆನೆಹಾಕಿದ್ದ ಸಾಬೂನಿನ ಬಕೆಟ್ಟಿಗೆ ತಲೆಕೆಳಗಾಗಿ ಬಿತ್ತು. ಬುಳುಬುಳು. ನೊರೆಯ ಮೇಲೆ ದುಂಡು ಬೀಜಗಳು ತೇಲಿದವು.

ಮಾಮ ಹಣೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ. "ಹೋಯ್ತು. ಎಲ್ಲಾ ಹೋಯ್ತು. ಉಸಿರು ಅಂದಿದ್ದಳಲ್ಲೇ ಅವಳು... ಸಂದು ಇರಲಿ ಅಂದಿದ್ದಳು..."

"ಅಂಗಡಿಗೆ ಓಡಿ."

"ಬಾಗಿಲು ತೆಗೆಯೋದೇ ಹನ್ನೊಂದಕ್ಕೆ. ಎರಡು ಬಸ್ಸು. ಅಕ್ಕ ಹತ್ತಕ್ಕೆ ಬರ್ತಾಳೆ!"

ಹೆಂಡತಿ ಬಕೆಟ್ಟು ನೋಡಿದಳು, ಗಂಡನ ಹಣೆಯ ಮೇಲಿನ ಕೆಂಪು ಉಂಗುರ ನೋಡಿದಳು. ನಗು ತಡೆಯಲು ತುಟಿ ಕಚ್ಚಿಕೊಂಡು ಒಳಗೆ ಹೋದಳು. ಬರುವಾಗ ಕೈಯಲ್ಲಿ ಕಾಗದದ ಪೊಟ್ಟಣ. ತುದಿಗೆ ಗುಂಡುಸೂಜಿ, ಮೇಲೆ ಸೋಮವಾರದ ತಾರೀಖು.

"ಜಾಕೀಟು ಹೊಲಿಯೋಣ ಅಂತಿದ್ದೆ. ಬೇಕಾ?"

ಮಾಮ ಗಕ್ಕನೆ ಎದ್ದ. ಮೂಗಿಗೆ ಹಿಡಿದರೆ, ಅಬ್ಬಾ, ಅಂಗಡಿಯಲ್ಲಿ ಇದ್ದುದಕ್ಕಿಂತ ಒಂದು ಕೈ ಮೇಲು! ಕತ್ತಲ ಡ್ರಾಯರಿನಲ್ಲಿ, ಕಾಗದದ ಮಡಿಕೆಯ ಸಂದಿನಲ್ಲಿ, ನಾಲ್ಕು ದಿನವೂ ನೆಮ್ಮದಿಯಾಗಿ ಉಸಿರಾಡಿಕೊಂಡು ಕೂತಿತ್ತು ಅದು.

"ನೀನು ಹೆಂಡತಿಯಲ್ಲ ಕಣೇ, ಮಹಾತಾಯಿ!"

"ತಾಯಿಗೀಯಿ ಎಲ್ಲ ಆಮೇಲೆ. ಒಂದೇ ಕಪ್ಪಿಗೆ ಆಗುತ್ತೆ. ಒಂದು ಬೀಜವನ್ನೂ ಚೆಲ್ಲಬೇಡಿ."

ಮಾಮ ಬೀಜವನ್ನು ಕೈಯಂತ್ರದಲ್ಲಿ ಬೀಸಿದ, ರವೆಯಷ್ಟು. ಚೀಲವನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಪಾತ್ರೆಯ ಬಾಯಿಗೆ ಕಟ್ಟಿದ. ಕಪ್ಪು ಬಿಸಿ ಮಾಡಿದ. ಕೆಟಲು ಗಲಗಲ ಕುದಿಯಿತು. ಒಲೆ ಆರಿಸುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು. ಅಕ್ಕ! ಹತ್ತಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು!

ಗಡಿಬಿಡಿಯಲ್ಲಿ, ಕಾಯಬೇಕಾದ ಆ ಒಂದು ನಿಮಿಷವನ್ನೇ ಮಾಮ ಮರೆತ. ಕುದಿಯುತ್ತಿದ್ದ ಹಾಗೇ ನೀರು ಸುರಿದ. ಪುಡಿ ಉಸ್ಸೆಂದು ಬನ್ನಿನ ಹಾಗೆ ಉಬ್ಬಿ, ಘಮ ಇಡೀ ಮನೆಗೆ ಏರಿತು. ಆಗ ನೆನಪಾಯಿತು. ಮಿಂಚಿದ ಮೇಲೆ ಚಿಂತಿಸಿ ಏನು ಫಲ? ಉಳಿದ ನೀರನ್ನಾದರೂ ನಿಧಾನ ಹನಿಸಿದ.

ಹೆಂಡತಿ ಬಾಗಿಲು ತೆಗೆದಿದ್ದಳು; ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ತುಂಬ ಇಳಿದುಹೋಗಿದ್ದಳು, ಕೈಚೀಲ ತೊಡೆಯ ಮೇಲೇ ಇತ್ತು. ಘಮಕ್ಕೆ ಮುಖದಲ್ಲಿ ಏನೂ ಕದಲಲಿಲ್ಲ.

"ಪ್ರಯಾಣ ಹೇಗಿತ್ತು ಅತ್ತಿಗೆ?" ಎಂದಳು ಹೆಂಡತಿ.

"ಚೆನ್ನಾಗಿತ್ತು."

"ಬಸ್ಸಲ್ಲಿ ಸೀಟು ಸಿಕ್ತಾ?"

"ನಿಂತ್ಕೊಂಡೇ ಬಂದೆ. ಚೆನ್ನಾಗಿತ್ತು."

ಮಾಮ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟ. ಹಾಲಿಲ್ಲ, ಅರ್ಧ ಚಮಚ ಸಕ್ಕರೆ, ಅವಳ ಹಳೆಯ ಲೆಕ್ಕ. ಗಂಡ ಹೆಂಡತಿ ಇಬ್ಬರೂ ಎದುರಿಗೆ ನಿಂತರು, ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ.

ಅಕ್ಕ ಒಂದು ಗುಟುಕು ಕುಡಿದಳು.

"ಚೆನ್ನಾ..." ಅಂದಳು.

ಮಾಮ ಕಪ್ಪು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದ.

ಆದರೆ ಮಾತು ಅಲ್ಲೇ ನಿಂತಿತ್ತು. ಅಕ್ಕನ ಹುಬ್ಬು ಮೆಲ್ಲಗೆ ಗಂಟಿಕ್ಕಿತು. ಕಪ್ಪಿನೊಳಗೆ ಇಣುಕಿದಳು. ಇನ್ನೊಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ ನುಂಗಿದಳು.

"ಯಾರೋ ಇದಕ್ಕೆ ನೀರು ಸುರಿದೋನು?"

"ನಾ... ನಾನೇ ಅಕ್ಕ."

"ಬುದ್ಧಿ ಇದೆಯಾ ನಿನಗೆ? ಕುದೀತಿರೋದನ್ನೇ ಸುರಿದಿದ್ದೀಯ. ಒಂದು ಎಳೆ ಕಹಿ ಜಾಸ್ತಿ ಎದ್ದಿದೆ ನೋಡು, ನಾಲಿಗೆ ಬುಡದಲ್ಲಿ! ಇಂಥ ಒಳ್ಳೇ ಬೀಜ ತಂದು..." ಎನ್ನುತ್ತಿದ್ದವಳ ಕೈ ತಾನಾಗಿ ತುಟಿಗೆ ಹೋಯಿತು. ತಾನೇನು ಹೇಳಿದೆನೆಂಬುದು ಅವಳಿಗೂ ಆಗಲೇ ಹೊಳೆದದ್ದು.

"ಇನ್ನೊಂದು ಸಲ ಬೈಯಿ!" ಎಂದು ಮಾಮ ಚೀರಿದ. "ಅಕ್ಕಾ, ಇನ್ನೊಂದು ಸಲ!"

"ಹಿಂದೆಯೇ ಒಂದು ಸಿಹಿ ಬರ್ತಾ ಇದೆ ಕಣೋ," ಎಂದಳು ಅಕ್ಕ ಸಣ್ಣ ದನಿಯಲ್ಲಿ. ಕಣ್ಣು ತುಂಬಿ ಬಂದಿತ್ತು. ಮರುಗಳಿಗೆ ಆ ತುಂಬಿದ ಕಣ್ಣಿನಲ್ಲೇ ಸುತ್ತ ನೋಡಿದಳು. "ಹಣೆ ಮೇಲೇನೋ ಅದು ಉಂಗುರ? ಮಗುವಾಗಿದ್ದಾಗಲೂ ಹೀಗೇ, ಎಲ್ಲಾದರೂ ಗುದ್ದಿಸಿಕೊಂಡೇ ಬರ್ತಿದ್ದೆ. ಕಾಲರಿಗೆ ಇಸ್ತ್ರಿ ಮಾಡಿದ್ದು ಯಾರು, ಎತ್ತಾ? ಏನಮ್ಮಾ, ಆ ಪರದೆ ಎಡಗಡೆ ಅರ್ಧ ಇಂಚು ಗಿಡ್ಡ ಇದೆ, ಕಾಣಿಸಲ್ವಾ?"

"ಕಾಣಿಸಿರಲಿಲ್ಲ ಅತ್ತಿಗೆ!" ಎಂದು ಹೆಂಡತಿ ಅಳತೆ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡು ನಕ್ಕಳು. "ಇವತ್ತೇ ಬಿಚ್ಚಿ ಹೊಲೀತೀನಿ."

ಕಪ್ಪಿನ ತಳದಲ್ಲಿ ಒಂದು ಗುಟುಕು ಉಳಿಸಿ ಅಕ್ಕ ಅದನ್ನು ತಮ್ಮನ ಕಡೆ ತಳ್ಳಿದಳು. "ಕುಡಿ. ನಿನ್ನ ತಪ್ಪು ನಿನಗೇ ಗೊತ್ತಾಗಲಿ."

ಮಾಮ ಕುಡಿದ. ನಿಜ, ಒಂದು ಎಳೆ ಕಹಿ ಹೆಚ್ಚಿತ್ತು. ಅಷ್ಟು ಒಳ್ಳೆಯ ಕಾಫಿಯನ್ನು ಅವನು ಬಹಳ ವರ್ಷಗಳಿಂದ ಕುಡಿದಿರಲಿಲ್ಲ.

"ನಾಳೆದು ನಾನೇ ಮಾಡ್ತೀನಿ," ಎಂದಳು ಅಕ್ಕ. "ದಿನಕ್ಕೊಂದು ಕಪ್ಪು ಅಂದಿದ್ದಾರಲ್ಲ, ನಾಳೆನೂ ಒಂದು ದಿನವೇ. ಬೀಜ ಎಲ್ಲಿ?"

ಗಂಡ ಹೆಂಡತಿ ಬಕೆಟ್ಟಿನ ಕಡೆ ತಿರುಗಿದರು. ಅಕ್ಕ ಎದ್ದು ಬಂದು ಇಣುಕಿದಳು. ಸಾಬೂನಿನ ನೊರೆ, ಅದರಲ್ಲಿ ಬೀಜ, ಪಕ್ಕದಲ್ಲಿ ಹನ್ನೊಂದು ಸುತ್ತು ಟೇಪಿನ ಸುರುಳಿ.

"ಸಂಜೆ ಬಸ್ಸು?" ಎಂದು ಮಾಮ ಮೆಲ್ಲಗೆ ಕೇಳಿದ.

"ಬಸ್ಸು ಓಡಾಡ್ತಾನೇ ಇರುತ್ತೆ," ಎಂದು ಅಕ್ಕ ಕೈಚೀಲವನ್ನು ಮೊಳೆಗೆ ನೇತುಹಾಕಿ ಚಪ್ಪಲಿ ಮೆಟ್ಟಿದಳು. "ನಡಿ, ಆ ಅಂಗಡಿ ತೋರಿಸು. ಈ ಸಲ ಡಬ್ಬಿ ನಿನ್ನ ಕೈಗೆ ಕೊಡಲ್ಲ."