ಲೆಕ್ಕಕ್ಕೆ ಬಾರದ ಕೈ

ಆ ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಣೆಗೆ ನಾಲ್ಕು ಹನಿ ನೀರು ಚಿಮುಕಿಸಿ ಆಯಿತೆನ್ನುವ ಪದ್ಧತಿ ಇರಲಿಲ್ಲ. ಬುದ್ಧಿ ಬಂದವರು ತಾವಾಗಿ ಬಂದು ದೀಕ್ಷಾಸ್ನಾನ ಬೇಕೆಂದು ಕೇಳಬೇಕು. ಕೇಳಿದವರನ್ನು ಪ್ರಸಂಗಪೀಠದ ಹಿಂದಿನ ತೊಟ್ಟಿಗೆ ಇಳಿಸಿ, ಎದೆಯ ಮೇಲೆ ಕೈ ಜೋಡಿಸಿ, ಪೂರ್ತಿ ಮುಳುಗಿಸಿ ಎತ್ತಬೇಕು. ಒಂದು ಬೆರಳು ಹೊರಗುಳಿದರೂ ಆಗಲಿಲ್ಲವೆಂದೇ ಲೆಕ್ಕ, ಆಗದವರು ಸದಸ್ಯರಲ್ಲ. ಈ ಕಟ್ಟುನಿಟ್ಟಿನ ಬಗ್ಗೆ ಪಾದ್ರಿಗಳಿಗೆ ಬಹಳ ಹೆಮ್ಮೆಯಿತ್ತು. ಒಮ್ಮೆ ದಪ್ಪನೆಯ ಅಂಚೆಯವನ ಹೊಟ್ಟೆ ಬೆಂಡಿನ ಹಾಗೆ ಮೇಲೆ ಬಂತೆಂದು ಅವನನ್ನು ಎರಡನೇ ಸಲ ಅದುಮಿ ಮುಳುಗಿಸಿದ ಪುಣ್ಯಾತ್ಮರು ಅವರು.

ಸೋಪಕ್ಕ ತೊಟ್ಟಿಗೆ ಇಳಿದ ಭಾನುವಾರ ಈ ಹೆಮ್ಮೆಗೆ ಪೆಟ್ಟು ಬಿತ್ತು. ಊರಿನ ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದುವುದು ಅವಳ ಕೆಲಸ. ಮೈಯೆಲ್ಲ ಸೋಪಿನ ವಾಸನೆ, ಅದಕ್ಕೇ ಆ ಹೆಸರು. ಪಾದ್ರಿಗಳು ಅವಳ ಬೆನ್ನಿಗೆ ಒಂದು ಕೈ ಕೊಟ್ಟು, ಎದೆಯ ಮೇಲಿದ್ದ ಅವಳ ಕೈಗಳನ್ನು ಇನ್ನೊಂದು ಕೈಯಿಂದ ಹಿಡಿದು ಹಿಂದಕ್ಕೆ ಬಾಗಿಸಿದರು. ತಲೆ ಮುಳುಗಿತು, ಭುಜ ಮುಳುಗಿತು. ನೀರು ಕೈಗೆ ತಾಗಿದ್ದೇ ತಡ, ಅವಳು ಬಲಗೈಯನ್ನು ಕಿತ್ತುಕೊಂಡು ಮೇಲೆತ್ತಿ, ನೀರು ಕುಡಿದು, ಕೆಮ್ಮುತ್ತಾ ಎದ್ದು ನಿಂತಳು.

"ಉರಿ ಅಯ್ಯನವರೇ, ತಡೆಯೋಕಾಗ್ಲಿಲ್ಲ," ಎಂದಳು.

ಅಂಗೈಯ ಚರ್ಮ ಸುಲಿದು, ಬೆರಳ ಸಂದುಗಳು ಬಿರಿದು ಕೆಂಪಗಿದ್ದವು. ಎಷ್ಟೋ ವರ್ಷಗಳಿಂದ ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದ ಪಾದ್ರಿಗಳಿಗೆ ಆಗ ಹೊಳೆಯಿತು: ಲಾಂಡ್ರಿಯ ಹೆಂಗಸರು ಯಾರೂ ಕೈ ಕೊಟ್ಟಿದ್ದೇ ಇಲ್ಲ, ತಲೆ ಬಾಗಿಸಿ ಹೋಗುತ್ತಿದ್ದರು. ಅದನ್ನು ಅವರು ಭಕ್ತಿ ಎಂದುಕೊಂಡಿದ್ದರು.

ವಾಸಿಯಾದ ಮೇಲೆ ಮತ್ತೆ ಮಾಡೋಣ ಎಂದು ಸೋಪಕ್ಕನನ್ನು ಕಳಿಸಿದರು. ಆದರೆ ಅವರಿಗೆ ನಿದ್ದೆ ಹತ್ತಲಿಲ್ಲ, ಏಕೆಂದರೆ ಲಾಂಡ್ರಿ ಬೇರೆ ಯಾರದ್ದೂ ಅಲ್ಲ, ಹೆಂಡತಿಯ ಅಪ್ಪನದು. ಸಭೆಯ ಹಿರಿಯರಲ್ಲಿ ಹಿರಿಯ ಆತ. ಪಾದ್ರಿಗಳು ಮಾವನ ಆಫೀಸಿಗೆ ಹೋಗಿ ರಬ್ಬರ್ ಗ್ಲೌಸು ಕೊಡಿಸಿ ಎಂದು ಕೇಳಿದರು. "ಗ್ಲೌಸು ಹಾಕಿದ್ರೆ ಕೈ ಓಡಲ್ಲ. ಅಳಿಯಂದಿರು ಪ್ರಸಂಗ ನೋಡ್ಕೊಳ್ಳಲಿ, ಬಟ್ಟೆ ನಾನು ನೋಡ್ಕೋತೀನಿ," ಎಂದು ಮಾವ ನಕ್ಕರು. ಮರುವಾರದಿಂದ ಪಾದ್ರಿಗಳು ಲಾಂಡ್ರಿಯ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಪ್ರಸಂಗಪೀಠದಲ್ಲೂ ಅದೇ ಮಾತು, ಮನೆಯಲ್ಲೂ ಅದೇ ಮಾತು. ಸಭೆ ಎರಡು ಹೋಳಾಯಿತು. ಕೊನೆಗೆ ಹಿರಿಯರು, ಪಾದ್ರಿ ಇರಬೇಕೋ ಹೋಗಬೇಕೋ ಸದಸ್ಯರೇ ತೀರ್ಮಾನಿಸಲಿ ಎಂದು ಮೀಟಿಂಗ್ ಕರೆದರು. ಹೋಗುವುದಾದರೆ ಸಭೆ ಕೊಟ್ಟ ಮನೆಯೂ ಹೋಗುತ್ತದೆ.

"ಗುಟ್ಟಾಗಿ ಚೀಟಿ ಹಾಕಿಸಿ ಅಂತ ಕೇಳ್ರೀ," ಎಂದಳು ಹೆಂಡತಿ, ಬಟ್ಟೆ ಮಡಿಸುತ್ತಾ. "ಅಪ್ಪನ ಎದುರಿಗೆ ಆ ಹೆಂಗಸ್ರು ಕೈ ಎತ್ತುತಾರಾ? ಎತ್ತಿದ್ರೆ ಉಳೀತಾರಾ?"

"ನಮ್ಮಲ್ಲಿ ಯಾವತ್ತೂ ಕೈ ಎತ್ತೇ ತೀರ್ಮಾನ ಮಾಡಿರೋದು. ದೇವರ ಮುಂದೆ ಕದ್ದುಮುಚ್ಚಿ ಮಾಡೋದೇನಿದೆ?"

"ದೇವರ ಮುಂದೆ ಅಲ್ಲಾರೀ, ನಮ್ಮಪ್ಪನ ಮುಂದೆ."

ಗಂಡನ ಹಟ ಅವಳಿಗೆ ಹೊಸದಲ್ಲ. ಹಿರಿಯರಲ್ಲೇ ಒಬ್ಬರು ಚೀಟಿಯ ಮಾತೆತ್ತಿದಾಗಲೂ ಪಾದ್ರಿಗಳು ಎದೆಯುಬ್ಬಿಸಿ ಬೇಡವೆಂದರು. ನ್ಯಾಯದ ಪರ ನಿಂತವನಿಗೆ ಹೆದರಿಕೆ ಏಕೆ ಎಂಬುದು ಅವರ ಮಾತು. ಹೆದರಬೇಕಾದವರು ಯಾರು ಎಂದು ಅವರು ಕೇಳಿಕೊಳ್ಳಲೇ ಇಲ್ಲ, ಮಹಾನುಭಾವರು.

ಮೀಟಿಂಗಿನ ದಿನ ಬೆಂಚುಗಳು ತುಂಬಿ, ಹಿಂದೆ ಗೋಡೆಗೊರಗಿ ಜನ ನಿಂತಿದ್ದರು. ಎಣಿಸುವ ಕೆಲಸ ಗಡಿಯಾರ ಮೇಷ್ಟ್ರದು; ಪ್ರಸಂಗ ಉದ್ದವಾದರೆ ಮಣಿಕಟ್ಟು ನೋಡಿಕೊಳ್ಳುವ ನಿವೃತ್ತ ಮಾಸ್ತರು. ಮಾವ ಮೊದಲ ಸಾಲಿನ ಕುರ್ಚಿಯನ್ನು ತಿರುಗಿಸಿ, ಪೀಠಕ್ಕೆ ಬೆನ್ನು ಮಾಡಿ ಸಭೆಯ ಕಡೆಗೆ ಮುಖ ಹಾಕಿ ಕೂತರು. "ಮೇಷ್ಟ್ರಿಗೆ ಸಹಾಯ ಆಗ್ಲಿ," ಎಂದರು.

ಹೋಗಲಿ ಎನ್ನುವವರು ಮೊದಲು ಕೈ ಎತ್ತಿದರು. ಮೇಷ್ಟ್ರು ಎಣಿಸಿಕೊಂಡರು. ಆಮೇಲೆ ಇರಲಿ ಎನ್ನುವವರ ಸರದಿ. ಎಲ್ಲರಿಗಿಂತ ಮೊದಲು ಪಾದ್ರಿಗಳ ಹೆಂಡತಿ, ಅಪ್ಪನ ಕಣ್ಣನ್ನೇ ನೋಡುತ್ತಾ ಕೈ ಎತ್ತಿದಳು. ಅಂಚೆಯವ ಎತ್ತಿದ. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಲಾಂಡ್ರಿಯ ಹೆಂಗಸರ ಸಾಲು ಮಾತ್ರ ನೆಲ ನೋಡುತ್ತಿತ್ತು. ಪಾದ್ರಿಗಳಿಗೆ ಸಿಟ್ಟು ಬಂತು, ನಿಜವಾಗಿಯೂ ಬಂತು. ಯಾರಿಗೋಸ್ಕರ ಮನೆಮಠ ಕಳೆದುಕೊಳ್ಳಲು ಹೊರಟೆನೋ ಅವರೇ ತಲೆ ತಗ್ಗಿಸಿದರಲ್ಲ ಎಂದು ಒಳಗೇ ಕುದಿದರು.

ಆಗ ಹಿಂದಿನ ಗೋಡೆಯ ಹತ್ತಿರ ಒಂದು ಕೈ ಎದ್ದಿತು. ಬಿಳಿ ಬಟ್ಟೆ ಸುತ್ತಿದ ಕೈ, ಇಡೀ ಸಭೆಗೆ ಕಾಣುವಂಥದು. ಸೋಪಕ್ಕ.

ಮಾವ ಆ ಕೈಯನ್ನು ನೋಡಿದರು, ಆಮೇಲೆ ಮುಖವನ್ನು ನೋಡಿದರು, ಆಮೇಲೆ ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟೇ. ಪಾದ್ರಿಗಳ ಸಿಟ್ಟು ಜರ್ರನೆ ಇಳಿದುಹೋಯಿತು. ತಾನು ಎದೆಯುಬ್ಬಿಸಿ ಬೇಡವೆಂದ ಚೀಟಿ ಯಾರಿಗೆ ಬೇಕಿತ್ತು ಎಂದು ಈಗ ಅವರಿಗೆ ಅರ್ಥವಾಯಿತು.

ಮೇಷ್ಟ್ರು ಎರಡು ಸಲ ಎಣಿಸಿ ಗಂಟಲು ಸರಿಮಾಡಿಕೊಂಡರು. "ಆಯಮ್ಮನ ಕೈ ಸೇರಿಸಿದ್ರೆ ಅಯ್ಯನವರ ಕಡೆ ಒಂದು ಹೆಚ್ಚು. ಬಿಟ್ರೆ ಸಮ. ಸಮ ಆದ್ರೆ ನಿಯಮದ ಪ್ರಕಾರ ಅಯ್ಯನವರು ಬಿಡ್ಬೇಕು."

"ಆಯಮ್ಮ ಸದಸ್ಯಳಾ?" ಎಂದರು ಮಾವ, ಹವಾಮಾನ ವಿಚಾರಿಸುವ ಧಾಟಿಯಲ್ಲಿ. "ನಮ್ಮ ಅಳಿಯಂದಿರನ್ನೇ ಕೇಳಿ. ಅವರು ಸುಳ್ಳು ಹೇಳೋರಲ್ಲ."

ಎಲ್ಲರೂ ಪೀಠದ ಕಡೆ ತಿರುಗಿದರು.

"ಅಯ್ಯನವರೇ, ಅವತ್ತು ಆಯಮ್ಮ ಪೂರ್ತಿ ಮುಳುಗಿದ್ಲಾ?" ಎಂದು ಮೇಷ್ಟ್ರು ಕೇಳಿದರು.

ಹೂಂ ಎಂದರೆ ಸಾಕಿತ್ತು. ಪೀಠ ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು, ಸೋಪಕ್ಕನ ಧೈರ್ಯಕ್ಕೂ ಒಂದು ಬೆಲೆ ಸಿಗುತ್ತಿತ್ತು. ಹೆಂಡತಿ ಅವರನ್ನೇ ನೋಡುತ್ತಿದ್ದಳು. ಸೋಪಕ್ಕ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಅಂಚೆಯವನನ್ನು ಎರಡನೇ ಸಲ ಅದುಮಿದ ಮನುಷ್ಯನ ನಾಲಗೆ ಆ ಒಂದು ಹೂಂಗುಟ್ಟುವಿಕೆಗೆ ಹೊರಳಲಿಲ್ಲ.

"ಇಲ್ಲ," ಎಂದರು ಪಾದ್ರಿಗಳು. "ಬಲಗೈ ಹೊರಗಿತ್ತು. ಯಾಕೆ ಹೊರಗಿತ್ತು ಅಂತ ಕೇಳಿ."

ಯಾರೂ ಕೇಳಲಿಲ್ಲ. ಮೇಷ್ಟ್ರು ಮಣಿಕಟ್ಟು ನೋಡಿಕೊಂಡು, ಮೀಟಿಂಗ್ ಮುಗಿಯಿತು ಎಂದರು.

ಮಾರನೆಯ ದಿನ ಸೋಪಕ್ಕನನ್ನು ಗೇಟಿನಿಂದಲೇ ವಾಪಸ್ಸು ಕಳಿಸಿದರು. ಆ ವಾರವೇ ಪಾದ್ರಿಗಳು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಗೆ ಸಾಮಾನು ಸಾಗಿಸಿದರು. ಅಲ್ಲಿ ಒಂದು ಮೇಜು, ಎರಡು ಬೆಂಚು. ಕೆಲಸ ಕಳೆದುಕೊಂಡವರು, ಕೂಲಿ ಸಿಗದವರು ಬಂದು ಕೂರತೊಡಗಿದರು. ಕಾರ್ಮಿಕ ಇಲಾಖೆಗೆ ಅಲೆದು ಅಲೆದು ಪಾದ್ರಿಗಳ ಚಪ್ಪಲಿ ಸವೆಯಿತು. ಅವರ ಬಾಯಿಂದ ಪ್ರಸಂಗ ಹೋಯಿತು, ಜಗಳ ಬಂತು. ಆದರೆ ಸೋಪಕ್ಕನ ಮನೆಯ ಬೀದಿಗೆ ಹೋಗಲು ಮಾತ್ರ ಅವರಿಗೆ ಮುಖವಿರಲಿಲ್ಲ. ಹೂಂ ಎಂದಿದ್ದರೆ ಎಂಬ ಮಾತು ಊಟದ ನಡುವೆಯೂ ಬಂದು ತುತ್ತನ್ನು ಕೈಯಲ್ಲೇ ನಿಲ್ಲಿಸುತ್ತಿತ್ತು. ಹೆಂಡತಿ ಅದನ್ನು ನೋಡಿ ನೀರಿನ ಲೋಟ ಮುಂದಕ್ಕೆ ಸರಿಸುತ್ತಿದ್ದಳು.

ಒಂದು ಸಂಜೆ ಸೋಪಕ್ಕನೇ ಮೆಟ್ಟಿಲು ಹತ್ತಿ ಬಂದಳು. ಬಂದವಳೇ ಮೇಜಿನ ಮೇಲೆ ಬಲಗೈಯನ್ನು ಅಂಗಾತ ಇಟ್ಟಳು. ಸುತ್ತಿದ ಬಿಳಿ ಬಟ್ಟೆಯಿರಲಿಲ್ಲ. ಹೊಸ ಚರ್ಮ ತಿಳಿಗೆಂಪಾಗಿ ಬಂದಿತ್ತು.

"ವಾಸಿಯಾಗಿದೆ," ಎಂದರು ಪಾದ್ರಿಗಳು, ತಲೆ ಎತ್ತದೆ.

"ಆಗದೇ ಏನು? ಕೆಲಸ ಹೋಯ್ತಲ್ಲ."

ಪಾದ್ರಿಗಳ ಕಣ್ಣು ತುಂಬಿತು. "ನನ್ನ ಹಟದಿಂದ ಹೀಗಾಯ್ತಮ್ಮಾ. ನಿನ್ನ ಕೈ ಲೆಕ್ಕಕ್ಕಿಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಿದೆ."

"ಹೇಳಿದ್ರಿ. ಅವತ್ತು ನಿಮ್ಮನ್ನ ಸುಟ್ಟುಬಿಡೋಣ ಅನ್ನೋಷ್ಟು ಕೋಪ ಬಂದಿತ್ತು," ಎಂದಳು ಸೋಪಕ್ಕ. "ಈಗ್ಲೂ ಪೂರ್ತಿ ಹೋಗಿಲ್ಲ."

"ಊರಾಚೆ ಕೆರೆ ಇದೆ," ಎಂದರು ಅವರು ತಡೆದು ತಡೆದು. "ನಿನಗೆ ಮನಸ್ಸಿದ್ರೆ, ಬಿಟ್ಟುಹೋದ ದೀಕ್ಷಾಸ್ನಾನ ಅಲ್ಲೇ..."

"ಬೇಡ. ನನ್ನ ಜಾಗಕ್ಕೆ ಇನ್ನೊಬ್ಬಳನ್ನ ಇಟ್ಕೊಂಡಿದ್ದಾರೆ, ಇನ್ನೂ ಚಿಕ್ಕೋಳು. ಅವಳ ಕೈ ನೋಡಿದ್ರಾ ನೀವು?"

ಪಾದ್ರಿಗಳು ನೋಡಿರಲಿಲ್ಲ.

"ಎದ್ದೇಳಿ ಹಾಗಾದ್ರೆ. ಲಾಂಡ್ರಿ ಬಿಡೋ ಸೈರನ್ ಆಗೋ ಹೊತ್ತು. ಗೇಟಲ್ಲಿ ನಾನು ಮಾತಾಡ್ತೀನಿ, ನೀವು ಸುಮ್ನೆ ನಿಂತಿರಿ."

ಅವಳು ಮೆಟ್ಟಿಲಿಳಿದಳು. ಪಾದ್ರಿಗಳು ಕಣ್ಣೊರೆಸಿಕೊಂಡು, ಸವೆದ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟರು.