ಇಬ್ಬರ ಅಳತೆ

ಬೈಕಿನ ಎರಡೂ ಪಕ್ಕಕ್ಕೆ ತೂಗುಹಾಕುವ ಬ್ಯಾಗು ಹೊಲಿಸಲು ಬಂದವರಿಗೆ ಅವಳು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಒಬ್ಬರಾ, ಇಬ್ಬರಾ?"

ಬಣ್ಣ, ಬಟ್ಟೆ, ಜೇಬು ಎಲ್ಲ ಆಮೇಲೆ. ಒಬ್ಬರೇ ಹೋಗುವುದಾದರೆ ಬ್ಯಾಗು ಸವಾರನ ಬೆನ್ನಿಗೆ ಹತ್ತಿರ ಬರಬೇಕು. ಭಾರ ಮುಂದಿದ್ದಷ್ಟೂ ತಿರುವಿನಲ್ಲಿ ಗಾಡಿ ಮಾತು ಕೇಳುತ್ತದೆ. ಹಿಂದೆ ಇನ್ನೊಬ್ಬರು ಕೂರುವುದಾದರೆ ಅವರ ಕಾಲಿಗೆ ಜಾಗ ಬಿಟ್ಟು ಬ್ಯಾಗನ್ನು ಒಂದು ಗೇಣು ಹಿಂದಕ್ಕೆ ಸರಿಸಬೇಕು. ಇಬ್ಬರ ಭಾರಕ್ಕೆ ಗಾಡಿಯ ಹಿಂಭಾಗ ಎರಡು ಇಂಚಾದರೂ ಕುಗ್ಗುವುದರಿಂದ ತಳವನ್ನೂ ಎತ್ತರಿಸಿ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಗುಂಡಿಯಲ್ಲೇ ಅದು ಸೈಲೆನ್ಸರಿಗೆ ತಾಗಿ ಸುಡುತ್ತದೆ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಹೊಲಿದ ಒಂದೇ ಒಂದು ಬ್ಯಾಗು ಸುಟ್ಟಿತ್ತು. ಅದು ಒಬ್ಬನೇ ಎಂದು ಅಳತೆ ಕೊಟ್ಟು, ದಾರಿಯಲ್ಲಿ ಯಾರನ್ನೋ ಹತ್ತಿಸಿಕೊಂಡವನದು. ಯಾರನ್ನು ಎಂದು ಅವಳು ಕೇಳಲಿಲ್ಲ. ಅವನ ಹೆಂಡತಿ ಕೇಳಿದಳಂತೆ.

ಬೈಕಿನ ಸೀಟನ್ನೂ ಹೊಲಿಯುತ್ತಿದ್ದ ಅವಳನ್ನು ಗಿರಾಕಿಗಳು ಸೀಟಕ್ಕ ಎನ್ನುತ್ತಿದ್ದರು. ಉತ್ತರದ ಬಯಲಿನ ಒಂದು ಊರಿನಲ್ಲಿ ಅವಳ ಅಂಗಡಿ; ಅಗಲ ಹದಿನೆಂಟು ಅಡಿ, ನಡುವೆ ಪ್ಲೈವುಡ್ ಗೋಡೆ. ಈಚೆ ಅವಳ ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಫೋಮು. ಆಚೆ ಗ್ಯಾರೇಜು. ಅದನ್ನೀಗ ನೋಡಿಕೊಳ್ಳುತ್ತಿದ್ದವನು ಮೈದುನ. ಮೊದಲು ಅಲ್ಲಿ ಅವಳ ಗಂಡನೂ ಇದ್ದ. ಎಂಜಿನ್ನಿನ ಸದ್ದು ಕೇಳಿಯೇ ತೊಂದರೆ ಹೇಳುತ್ತಿದ್ದ ಅವನನ್ನು ಜನ ಕಿವಿ ಡಾಕ್ಟರ್ ಎಂದು ಕರೆಯುತ್ತಿದ್ದರು. ಆ ಹೆಸರು ನಂಬಿ ಬಂದ ಅಜ್ಜಿಯೊಬ್ಬರು ಕಿವಿನೋವಿಗೆ ಔಷಧಿ ಕೇಳಲು ಅರ್ಧ ಗಂಟೆ ಸರದಿಯಲ್ಲಿ ಕೂತಿದ್ದೂ ಉಂಟು.

ಗ್ಯಾರೇಜಿನಲ್ಲಿ ಒಂದು ಕ್ರಮವಿತ್ತು. ಬಿಗಿ ಮಾಡಿದ ನಟ್ಟಿನ ಮೇಲೆ ಹಳದಿ ಬಣ್ಣದ ಒಂದು ಚುಕ್ಕೆ ಇಡಬೇಕು. ಕೆಲಸ ಯಾರೇ ಮಾಡಿರಲಿ, ಅಣ್ಣ, ಅಂದರೆ ಅವಳ ಗಂಡ, ಕಿವಿಗೊಟ್ಟು ಕೇಳಿ "ಸರಿ" ಎಂದ ಮೇಲೆಯೇ ಚುಕ್ಕೆ. ಚುಕ್ಕೆಯಿಲ್ಲದ ನಟ್ಟು ಎಂದರೆ ಅಣ್ಣ ನೋಡುವುದು ಇನ್ನೂ ಬಾಕಿಯಿದೆ ಎಂದರ್ಥ.

ಆಮೇಲೆ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿಗಳು ಬಂದವು. ಮೈದುನ ಎಂಟು ದಿನ ತರಬೇತಿಗೆ ಹೋಗಿ ಸ್ಕ್ಯಾನರ್ ತಂದ. ಗಾಡಿಗೆ ಅದರ ತಂತಿ ಸಿಕ್ಕಿಸಿದರೆ ತೊಂದರೆಯ ಸಂಖ್ಯೆ ಪರದೆಯ ಮೇಲೆ ಬರುತ್ತಿತ್ತು. ವಾರಕ್ಕೆ ಇಪ್ಪತ್ತು ಬರುತ್ತಿದ್ದ ಕಾರ್ಬುರೇಟರ್ ಕೆಲಸ ಮೂರಕ್ಕೆ ಇಳಿಯಿತು. ಒಂದು ದಿನ ಅವಳ ಗಂಡ ಎಂಜಿನ್ನಿನ ಹತ್ತಿರ ತಲೆ ತಗ್ಗಿಸಿದಾಗ ಗಿರಾಕಿಯೊಬ್ಬ, "ನೀವು ಬಿಡಿ ಯಜಮಾನ್ರೇ, ಮಿಷನ್ ಹಾಕಿ ನೋಡ್ಲಿ" ಎಂದ. ತಮ್ಮ ಮಿಷನ್ ಹಾಕಿ ನೋಡಿದ. ಅವನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂದಿನಿಂದ ಅಣ್ಣತಮ್ಮಂದಿರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಿಂತಿತು. ಎರಡು ತಿಂಗಳಲ್ಲಿ ಕೆಲಸದ ಮಾತೂ ನಿಂತಿತು.

ಗಂಡ ಹಿಮ ಬೀಳುವ ಬೆಟ್ಟದ ಮೇಲೆ ಕೊರೆಯುತ್ತಿದ್ದ ಸುರಂಗದ ಕೆಲಸಕ್ಕೆ ಹೋದ. ಒಳಗೆ ಜಿನುಗುವ ನೀರನ್ನು ಹೊರಹಾಕುವ ಡೀಸೆಲ್ ಪಂಪುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಒಂದೂವರೆ ವರ್ಷಕ್ಕೆಂದು ಹೋದವನಿಗೆ ಮೂರು ವರ್ಷ ಎರಡು ತಿಂಗಳಾಗಿತ್ತು. ನಡುವೆ ಎರಡು ಸಲ ಬಂದಿದ್ದ, ಒಮ್ಮೆ ಒಂಬತ್ತು ದಿನ, ಇನ್ನೊಮ್ಮೆ ನಾಲ್ಕು ದಿನ. ಆ ನಾಲ್ಕು ದಿನವೂ ಅವನು ಪ್ಲೈವುಡ್ ಗೋಡೆಯ ಈಚೆಗೇ ಕೂತು ಅವಳಿಗೆ ನೂಲು ಸುತ್ತಿಕೊಟ್ಟಿದ್ದ.

ಆ ಭಾನುವಾರದ ಫೋನಿನಲ್ಲಿ ಅವನು ಹೇಳಿದ: "ಇನ್ನೆರಡು ವರ್ಷಕ್ಕೆ ಕಾಗದ ಕೊಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ಸಹಿ ಹಾಕ್ಬೇಕು."

"ಹಾಕಿದ್ರಾ?"

"ಇನ್ನೂ ಇಲ್ಲ. ನೀನೇನಂತೀಯ?"

ಬನ್ನಿ ಎನ್ನಬೇಕಿತ್ತು. ಎರಡಕ್ಷರದ ಮಾತು. "ನಿಮ್ಮಿಷ್ಟ ನೋಡಿ" ಎಂದಳು. ಅತ್ತ ಪಂಪಿನ ಸದ್ದು ಕೇಳಿಸುತ್ತಿತ್ತು. "ಸರಿ ಹಾಗಾದ್ರೆ, ಇಡ್ಲಾ?" ಎಂದು ಅವನು ಫೋನ್ ಇಟ್ಟ. ಅವಳು ಅರ್ಧ ಹೊಲಿದ ಸೀಟನ್ನು ಯಂತ್ರದ ಕೆಳಗೇ ಬಿಟ್ಟು ಎದ್ದು ಕ್ಯಾಲೆಂಡರ್ ನೋಡಿದಳು.

ತಿಂಗಳ ಕೊನೆಗೆ ಹದಿನೇಳು ದಿನ ಉಳಿದಿತ್ತು. ಬೆಟ್ಟದ ದಾರಿ ಹಿಮ ಬಿದ್ದು ಮುಚ್ಚಲು ಸುಮಾರು ಆರು ವಾರ. ಫೋನಿನಲ್ಲಿ ಬಾರದ ಮಾತು ಎದುರು ನಿಂತರೆ ಬಂದೀತು ಎಂದು ಅವಳು ಎಣಿಸಿದಳು. ಮರುದಿನ ಬೆಳಗ್ಗೆ ಗೋಡೆಯಾಚೆ ಹೋಗಿ ಮೈದುನನಿಗೆ ಹೇಳಿದಳು: "ನಾನು ಮೇಲಕ್ಕೆ ಹೋಗಿ ಬರ್ತೀನಿ. ಬೈಕಲ್ಲಿ."

ಮೈದುನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಆರುನೂರ ಹತ್ತು ಕಿಲೋಮೀಟರ್ ಅತ್ತಿಗೆ. ಬಸ್ಸಿದೆಯಲ್ಲ?"

"ಬಸ್ಸಲ್ಲಿ ಹೋದ್ರೆ ಬಸ್ಸಲ್ಲಿ ಬರ್ಬೇಕು" ಎಂದಳು.

ಗಂಡನ ಹಳೆಯ ಕಾರ್ಬುರೇಟರ್ ಗಾಡಿ ಮೂಲೆಯಲ್ಲಿ, ಅವಳೇ ಹೊಲಿದ ಹೊದಿಕೆಯ ಕೆಳಗೆ ನಿಂತಿತ್ತು. ಅವನು ಅವಳಿಗೆ ಬೈಕ್ ಕಲಿಸಿದ್ದೂ ಅದರಲ್ಲೇ. ಊರೊಳಗೆ ಸೀಟು ತಲುಪಿಸಲು ಅವಳು ಇವತ್ತಿಗೂ ಅದನ್ನೇ ಹತ್ತುತ್ತಿದ್ದಳು. ಚೋಕ್ ಎಳೆದು ಎರಡು ಕಿಕ್ ಹೊಡೆದರೆ ಗಂಟಲು ಸರಿಮಾಡಿಕೊಂಡು ಮಾತಿಗೆ ಕೂತವರ ಹಾಗೆ ಶುರುವಾಗುತ್ತಿತ್ತು.

"ಅದು ಬೇಡ" ಎಂದ ಮೈದುನ. "ಇಂಜೆಕ್ಷನ್‌ದು, ನನ್ನ ಗಾಡಿ ತಗೊಂಡು ಹೋಗಿ."

"ಯಾಕೆ, ಇದಕ್ಕೇನಾಗಿದೆ?"

"ಏನೂ ಆಗಿಲ್ಲ. ಅಲ್ಲಿ ಆಗುತ್ತೆ. ಮೂರು ಸಾವಿರದ ನಾನೂರು ಮೀಟರ್ ಎತ್ತರದಲ್ಲಿ ಗಾಳಿ ಇಲ್ಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಕಾರ್ಬುರೇಟರಿಗೆ ಅದೆಲ್ಲಿ ಗೊತ್ತಾಗುತ್ತೆ? ಅದರ ಜೆಟ್ಟಲ್ಲಿರೋ ತೂತು ಒಂದೇ ಅಳತೇದು. ಇಲ್ಲಿ ಬಿಟ್ಟಷ್ಟೇ ಪೆಟ್ರೋಲು ಅಲ್ಲೂ ಬಿಡುತ್ತೆ. ಪ್ಲಗ್ಗಿಗೆ ಮಸಿ ಕೂತು ಏರಲ್ಲಿ ನಿಂತುಬಿಡುತ್ತೆ. ಸಣ್ಣ ಜೆಟ್ ಹಾಕ್ಬೇಕು, ಇಳಿಯುವಾಗ ಮತ್ತೆ ದೊಡ್ಡದು. ದಾರಿಬದೀಲಿ ಕೂತು ಬದಲಾಯಿಸೋಕೆ ಬರುತ್ತಾ ನಿಮಗೆ?"

"ಬರಲ್ಲ."

"ಇಂಜೆಕ್ಷನ್ ಗಾಡಿ ಗಾಳಿ ಎಷ್ಟಿದೆ ಅಂತ ತಾನೇ ಅಳೆದು ಪೆಟ್ರೋಲು ಬಿಡುತ್ತೆ. ಬೆಳಗ್ಗೆ ಚಳೀಲೂ ಬಟನ್ ಒತ್ತಿದ್ರೆ ಸಾಕು."

"ಕೆಟ್ಟು ನಿಂತ್ರೆ?"

"ನಿಂತ್ರೆ ನಿಂತ ಹಾಗೇನೇ" ಎಂದು ಅವನು ಒಪ್ಪಿಕೊಂಡ. "ಟ್ಯಾಂಕಿನೊಳಗಿನ ಪಂಪ್ ಹೋದ್ರೆ ದಾರೀಲಿ ಯಾರೂ ಏನೂ ಮಾಡಕ್ಕಾಗಲ್ಲ. ಕಾರ್ಬುರೇಟರ್ ಆದ್ರೆ ಬಿಚ್ಚಿ, ಊದಿ, ಹಾಕ್ಬೋದು. ಆದ್ರೆ ನನ್ನ ಗಾಡಿ ಪಂಪ್ ಹೊಸದು. ಸುಳ್ಳು ಹೇಳಲ್ಲ."

ಅವಳು ಹಳೆಯ ಗಾಡಿಯ ಹೊದಿಕೆ ನೇರ ಮಾಡಿದಳು. "ಇಂಜೆಕ್ಷನ್ ಗಾಡಿಯಿಂದಾನೇ ಅವರು ಮನೆ ಬಿಟ್ಟಿದ್ದು. ಅದನ್ನೇ ತಗೊಂಡು ಕಣ್ಮುಂದೆ ನಿಂತ್ರೆ ಏನಂತಾರೋ."

"ಬೈದ್ರೆ ಬೈಲಿ ಬಿಡಿ. ಬೈಸ್ಕೊಳ್ಳೋಕಾದ್ರೂ ನೀವು ಅಲ್ಲಿ ತಲುಪಬೇಕಲ್ಲ."

ಅವಳು ಅವನ ಗಾಡಿಯ ಕೀಲಿಗೆ ಕೈ ಚಾಚಿದಳು.

ಬ್ಯಾಗಿನ ವಿಷಯದಲ್ಲಿ ಮಾತ್ರ ಅವಳು ಯಾರ ಮಾತೂ ಕೇಳಲಿಲ್ಲ. ಮೈದುನ ಅಲ್ಯೂಮಿನಿಯಂ ಪೆಟ್ಟಿಗೆ ಎಂದ: ಬೀಗ ಹಾಕಬಹುದು, ಮಳೆ ಒಳಗೆ ಹೋಗುವುದಿಲ್ಲ. ಅವಳ ಲೆಕ್ಕ ಬೇರೆ ಇತ್ತು. ಚೌಕಟ್ಟು ಸೇರಿ ಖಾಲಿ ಜೋಡಿಯೇ ಹದಿನೆಂಟು ಕಿಲೋ, ಬಟ್ಟೆಯದು ನಾಲ್ಕು. ಗಾಡಿ ಬಿದ್ದರೆ ಪೆಟ್ಟಿಗೆಯ ಅಂಚಿಗೆ ಸಿಕ್ಕ ಕಾಲು ಮುರಿಯುತ್ತದೆ, ಬಟ್ಟೆ ಬಗ್ಗುತ್ತದೆ. "ಬೀರು ಹೊತ್ಕೊಂಡು ಬೆಟ್ಟ ಹತ್ತೋ ಆಸೆ ನನಗಿಲ್ಲಪ್ಪ" ಎಂದಳು. ದಪ್ಪ ಕ್ಯಾನ್ವಾಸ್, ಒಳಗೆ ಟಾರ್ಪಾಲಿನ್ ಚೀಲ, ಸೈಲೆನ್ಸರ್ ಕಡೆಗೆ ಶಾಖ ತಡೆಯುವ ಇನ್ನೊಂದು ಪದರ. ಮೂರು ದಿನಗಳಲ್ಲಿ ಹೊಲಿದು ಮುಗಿಸಿದಳು.

ನಾಲ್ಕನೆಯ ದಿನ ಮೈದುನನ ಗಾಡಿಗೆ ಅದನ್ನು ಕಟ್ಟುವಾಗ ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಅತ್ತಿಗೆ, ಅಳತೆ ತಪ್ಪಿದೆ."

"ನನ್ನ ಅಳತೆನಾ?"

"ನೀವೇ ನೋಡಿ. ಒಂದು ಗೇಣು ಹಿಂದಿದೆ. ತಳಾನೂ ಮೇಲಿದೆ."

ಅವಳು ನೋಡಿದಳು. ಬ್ಯಾಗಿನ ಮುಂದೆ ಕಾಲಿಗೆ ಜಾಗ, ತಳ ಎರಡು ಇಂಚು ಎತ್ತರ. ಸಾವಿರ ಸಲ ಕೇಳಿದ ಪ್ರಶ್ನೆಯನ್ನು ತನಗೆ ಕೇಳಿಕೊಳ್ಳದೆಯೇ ಕತ್ತರಿ ಹಾಕಿದ್ದಳು. ಕತ್ತರಿ ಇಬ್ಬರ ಅಳತೆಗೆ ನಡೆದಿತ್ತು.

"ಬಿಚ್ಚಿ ಸರಿಮಾಡ್ತೀರಾ?" ಮೈದುನ ಮೆಲ್ಲಗೆ ಕೇಳಿದ.

"ಬೇಡ, ಇರ್ಲಿ" ಎಂದಳು.

ಆ ಸಂಜೆ ಮೈದುನ ಗಾಡಿಯ ಎಂಜಿನ್ ಬಿಚ್ಚಿ ಎಲ್ಲವನ್ನೂ ಪರೀಕ್ಷಿಸಿದ. ಕೊಡುವಾಗ, "ಎಂಜಿನ್ನಲ್ಲಿ ವಾಲ್ವ್ ತೆರೆಯೋ ಟ್ಯಾಪೆಟ್ ಸ್ವಲ್ಪ ಟಕಟಕ ಅನ್ನುತ್ತೆ. ಹೆದರಬೇಡಿ, ಅದರಿಂದ ಏನೂ ಆಗಲ್ಲ" ಎಂದಷ್ಟೇ ಹೇಳಿದ.

ದಾರಿ ಎರಡೂವರೆ ದಿನ ಹಿಡಿಯಿತು. ಎರಡನೆಯ ದಿನ ಮಧ್ಯಾಹ್ನದಿಂದ ಏರು. ಮೈದುನ ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಅವಳಿಗೆ ಉಸಿರು ಸಾಲದಾಯಿತು, ಗಾಡಿ ಒಮ್ಮೆಯೂ ಮುಗ್ಗರಿಸಲಿಲ್ಲ. ತಿರುವೊಂದರಲ್ಲಿ ಪ್ಲಗ್ ಬಿಚ್ಚಿಟ್ಟುಕೊಂಡು ಕೂತಿದ್ದ ಹಳೆಯ ಗಾಡಿಯ ಸವಾರನೊಬ್ಬ ಕೈಯೆತ್ತಿದ. ಅವನ ಕೈ ಮಸಿಯಾಗಿತ್ತು. ಮೊಣಕೈವರೆಗೂ ಹಾಗೆ ಮಸಿಯಾದ ಕೈಗಳನ್ನು ಅವಳು ಮೂರು ವರ್ಷದಿಂದ ಮನೆಯ ಬಚ್ಚಲಿನಲ್ಲಿ ಕಂಡಿರಲಿಲ್ಲ. ಹಿಂದೆ ಬಿಟ್ಟ ಗೇಣು ಜಾಗದಲ್ಲಿ ಗಾಳಿ ನುಗ್ಗಿ ಬ್ಯಾಗಿನ ಪಟ್ಟಿ ಒಂದೇ ಸಮನೆ ಪಟಪಟ ಎನ್ನುತ್ತಿತ್ತು.

ಪಂಪಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸುವ ಮೊದಲೇ ಗಂಡ ಹೊರಗೆ ಬಂದು ನಿಂತಿದ್ದ. ಮುಖ ಇಳಿದಿತ್ತು, ಗಡ್ಡ ಬೆಳ್ಳಗಾಗಿತ್ತು. ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನೀನಾ!" ಎಂದ. ಆಮೇಲೆ, "ಎಂಜಿನ್ ಆಫ್ ಮಾಡಬೇಡ" ಎಂದ.

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವನು ಗಾಡಿಯ ಪಕ್ಕ ಕೂತು ತಲೆ ಓರೆ ಮಾಡಿದ.

"ಇದು ಅವನದಲ್ವಾ?"

"ಹೂಂ. ನಿಮ್ಮ ತಮ್ಮಂದು."

"ಟ್ಯಾಪೆಟ್ ಸದ್ದು ಅವನಿಗೆ ಕೇಳ್ಸಿಲ್ವಾ? ಸ್ಕ್ಯಾನರ್ ಹೇಳಿಲ್ವಂತಾ?"

"ನೀವೇ ಕೇಳಿ ಅವನನ್ನ."

ಟ್ಯಾಪೆಟ್ ನೋಡಬೇಕಾದರೆ ಎಂಜಿನ್ ತಣ್ಣಗಿರಬೇಕು. ಹಾಗಾಗಿ ಮರುದಿನ ಬೆಳಗ್ಗೆ, ಪಾಳಿಗೆ ಒಂದು ಗಂಟೆ ಮೊದಲು, ಅವನು ಮುಚ್ಚಳ ಬಿಚ್ಚಿದ. ಒಳಗೆ ಎರಡು ನಟ್ಟುಗಳಿದ್ದವು. ಒಂದರ ಮೇಲೆ ಅವನು ಊರು ಬಿಡುವ ಮೊದಲಿನ, ಮಾಸಿದ ಹಳದಿ ಚುಕ್ಕೆ ಇತ್ತು. ಇನ್ನೊಂದರ ಮೇಲೆ ಹೊಸದಾಗಿ ಸ್ಪ್ಯಾನರ್ ತಾಗಿದ ಗುರುತಿತ್ತು, ಚುಕ್ಕೆ ಇರಲಿಲ್ಲ.

ಅವನು ಅದನ್ನು ಎಷ್ಟು ಹೊತ್ತು ನೋಡಿದನೆಂದರೆ ಅವಳು ಹತ್ತಿರ ಬಂದು ಬಗ್ಗಿದಳು.

"ತಪ್ಪಿ ಬಿಟ್ಟಿದ್ದಲ್ಲ ಇದು" ಎಂದ. "ಬಿಚ್ಚಿ, ಕೂದಲೆಳೆಯಷ್ಟು ಸಡಿಲ ಮಾಡಿ ಬಿಟ್ಟಿದ್ದಾನೆ. ಕತ್ತೆ. ಚುಕ್ಕೆ ನನಗೆ ಉಳಿಸಿದ್ದಾನೆ."

ತೆಳು ಪಟ್ಟಿ ತೂರಿಸಿ ಅಂತರ ಅಳೆದು ನಟ್ಟು ಬಿಗಿ ಮಾಡಿದ. ಸ್ಟಾರ್ಟ್ ಮಾಡಿಸಿ ಕೇಳಿದ. ಟಕಟಕ ಹೋಗಿತ್ತು. ಅವಳು ಜೇಬಿನಿಂದ ದರ್ಜಿಯ ಹಳದಿ ಚಾಕ್ ತೆಗೆದುಕೊಟ್ಟಳು. ಅವನು ಅದನ್ನು ಹಿಂದಕ್ಕೆ ಕೊಟ್ಟ.

"ಚಾಕ್ ಎಣ್ಣೇಲಿ ನಿಲ್ಲಲ್ಲ. ಬಣ್ಣಾನೇ ಬೇಕು."

ಆಮೇಲೆ ಅವನ ಕಣ್ಣು ಬ್ಯಾಗಿನ ಮೇಲೆ ಬಿತ್ತು. ಸೀಟಿಗೂ ಅದಕ್ಕೂ ನಡುವೆ ಕೈಯಿಟ್ಟು ಗೇಣು ಅಳೆದ. ಹಿಂದಿನ ಸೀಟಿನಲ್ಲಿ ಕೂತು, ಅವಳನ್ನು ಮುಂದೆ ಕೂರಿಸಿ, ಬಗ್ಗಿ ತಳ ನೋಡಿದ. ಸೈಲೆನ್ಸರಿಗೂ ಬ್ಯಾಗಿಗೂ ನಡುವೆ ಎರಡು ಬೆರಳು ಜಾಗ ಉಳಿದಿತ್ತು. ಸರಿಯಾದ ಅಳತೆ.

"ಒಬ್ಬಳೇ ಬಂದಿದ್ದೀಯಲ್ಲ" ಎಂದ ಅವಳ ಬೆನ್ನ ಹಿಂದಿನಿಂದ.

ಎದುರು ನಿಂತರೆ ಬಂದೀತು ಎಂದುಕೊಂಡಿದ್ದ ಮಾತು ಅವನ ಮುಖ ಕಾಣದಿದ್ದಾಗ ಬಂತು. "ಬನ್ನಿ" ಎಂದಳು.

ಅವನು ಕೂತಲ್ಲಿಂದ ಏಳಲಿಲ್ಲ. ಪಾಳಿಯ ಗಂಟೆ ಹೊಡೆದಾಗ ಇಳಿದು ಶೆಡ್ಡಿಗೆ ಹೋದ.

ಪಂಪು ನಾಲ್ಕು ಗಂಟೆ ನಿಂತರೆ ಸುರಂಗದಲ್ಲಿ ನೀರು ಸೊಂಟದವರೆಗೆ ಏರುತ್ತದೆ. ಇದ್ದವರು ಇಬ್ಬರೇ, ಹನ್ನೆರಡು ಗಂಟೆಗೊಬ್ಬರು. ಬದಲಿ ಆಳು ಬಾರದೆ ಯಾರೂ ಜಾಗ ಬಿಡುವಂತಿರಲಿಲ್ಲ. ಮಧ್ಯಾಹ್ನ ಅವನು ಸಹಿಯಿಲ್ಲದ ಕಾಗದವನ್ನು ಮೇಸ್ತ್ರಿಗೆ ಹಿಂದಿರುಗಿಸಿ ಬಂದ. ಬದಲಿ ಆಳು ಬರಲು ಐದು ವಾರ ಎಂದರಂತೆ.

"ಹಿಮ ಬೀಳೋಕೂ ಐದು ವಾರಾನೇ" ಎಂದಳು.

"ಗೊತ್ತು."

ಅವಳು ಹೊರಡುವ ಬೆಳಗ್ಗೆ ಅವನು ತನ್ನ ಬಟ್ಟೆಗಳನ್ನೆಲ್ಲ ಮಡಿಸಿ ಎಡಗಡೆಯ ಬ್ಯಾಗಿಗೆ ತುಂಬಿದ. ಮೈಮೇಲೆ ಇದ್ದದ್ದು ಮತ್ತು ಇನ್ನೊಂದು ಜೊತೆ ಮಾತ್ರ ಉಳಿಸಿಕೊಂಡ. ಎತ್ತಿ ಭಾರ ನೋಡಿ ಒಳಗೆ ಹೋದ, ಬಲಗಡೆಗೆಂದು ತನ್ನ ಸಲಕರಣೆ ಪೆಟ್ಟಿಗೆ ತಂದ. ಹದಿನಾರನೆಯ ವಯಸ್ಸಿನಿಂದ ಅವನು ಯಾರ ಕೈಗೂ ಕೊಡದ ಪೆಟ್ಟಿಗೆ.

"ಇದು ಇಲ್ದೆ ನಿಮಗೆ ಇಲ್ಲಿ?"

"ಎರಡೂ ಕಡೆ ಸಮ ಇರ್ಬೇಕಲ್ಲ" ಎಂದು ಪಟ್ಟಿ ಬಿಗಿದ. "ಹಿಂದೆ ಯಾರನ್ನೂ ಹತ್ತಿಸ್ಕೋಬೇಡ."

ಬ್ಯಾಗು ಎರಡೂ ಕಡೆ ಹತ್ತು ಹತ್ತು ಕಿಲೋ ತೂಗುತ್ತಿತ್ತು. ಇಳಿಜಾರಿನಲ್ಲಿ ಗಾಡಿ ಎತ್ತಲೂ ವಾಲಲಿಲ್ಲ. ಮೊದಲ ತಿರುವಿನಲ್ಲಿ ಚಳಿ ಜಾಸ್ತಿಯೆಂದು ಅವಳು ಕೋಟೊಂದನ್ನು ತೆಗೆದು ಹಾಕಿಕೊಂಡಳು, ಅದು ಅವನದು. ಬಿಸಿಲೇರಿದ ಮೇಲೆ ಬಿಚ್ಚಿ, ಹಿಂದಿನ ಸೀಟಿಗೆ ಕಟ್ಟಲು ಹೋದವಳು ಕೈ ತಡೆದಳು. ಮಡಿಸಿ ಮತ್ತೆ ಬ್ಯಾಗಿಗೇ ಹಾಕಿದಳು. ಆ ಜಾಗವನ್ನು ಖಾಲಿಯಾಗಿಯೇ ಊರಿನವರೆಗೆ ತಂದಳು.