ಎಡಗಡೆಯ ಬಾಗಿಲು

"ಕೂಸ ಹ್ಯಾಂಡಲ್ ಎಳದಿರಬೇಕ್ರಿ," ಎಂದ ಶೋರೂಮಿನ ಮ್ಯಾನೇಜರ್ ಸುಧೀರ.

ಮಹಾವೀರ ಕುರ್ಚಿಯಿಂದ ಎದ್ದೇಬಿಟ್ಟ. ಕಾಗವಾಡದಿಂದ ಚಿಕ್ಕೋಡಿಗೆ ಬಂದು ಆ ತಣ್ಣನೆಯ ಕೋಣೆಯಲ್ಲಿ ಕೂತು ಒಂದು ತಾಸಾಗಿತ್ತು. ಎರಡು ಸಲ ಚಹಾ ಬಂದಿತ್ತು, ಉತ್ತರ ಬಂದಿರಲಿಲ್ಲ. ಕೊನೆಗೂ ಬಂದ ಉತ್ತರ ಇದು.

"ಕೂಸಿಗೆ ನಿದ್ದಿ ಹತ್ತಿತ್ತೋ ಮಾರಾಯಾ! ನಮ್ಮವ್ವನ ತೊಡಿ ಮ್ಯಾಲ ತಲಿ ಇಟ್ಟ ಮಲಗಿತ್ತು. ನಿದ್ದ್ಯಾಗ ಹ್ಯಾಂಡಲ್ ಹೆಂಗ ಎಳೀತೈತಿ?"

ಏಳು ಸೀಟಿನ ಬಿಳಿ ಗಾಡಿ, ಮನೆಗೆ ಬಂದು ಹತ್ತು ತಿಂಗಳೂ ತುಂಬಿರಲಿಲ್ಲ. ಹೋದ ರವಿವಾರ ಮಿರಜದಿಂದ ಮರಳುವಾಗ, ಬಲಕ್ಕೆ ತಿರುಗುವಲ್ಲಿ, ಎಡಗಡೆಯ ಹಿಂದಿನ ಬಾಗಿಲು ತಾನೇ ಬಾಯಿ ತೆರೆದಿತ್ತು. ಜಾರುತ್ತಿದ್ದ ಮೊಮ್ಮಗಳ ಫ್ರಾಕು ಹಿಡಿದು ಎಳೆಯುವಾಗ ಅವನ ತಾಯಿ ಕಸ್ತೂರೆವ್ವನ ಕೈ ಸೀಟಿನ ಕಬ್ಬಿಣಕ್ಕೆ ಬಡಿದು ಮುರಿಯಿತು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಅದಕ್ಕಿಂತ ಮೊದಲು ಎರಡು ಸಲ ಇದೇ ಬಾಗಿಲು ತೆರೆದಿತ್ತು. ಮೊದಲ ಸಲ ಶೋರೂಮಿನವರು ಎಣ್ಣೆ ಬಿಟ್ಟರು. ಎರಡನೇ ಸಲ ಗಾಡಿ ತೊಳೆದು, ಒಳಗೆ ಸೆಂಟು ಹೊಡೆದು ಕೊಟ್ಟರು. ಜೀವದ ಮಾತಿಗೆ ಸೆಂಟು!

ಸುಧೀರ ಒಂದು ಕಾಗದ ಮುಂದೆ ಸರಿಸಿದ. "ಕಂಪನಿಯಿಂದ ಹೊಸಾ ಲಾಕ್ ಹಾಕ್ಸಿ ಕೊಡ್ತೇವ್ರಿ, ಪುಕ್ಕಟ. ಇಲ್ಲೊಂದ ಸಹಿ ಮಾಡ್ರಿ, ಮುಗೀತು."

ಗಾಡಿಯಲ್ಲಿ ಯಾವ ದೋಷವೂ ಇಲ್ಲವೆಂದೂ, ಇನ್ನು ಮುಂದೆ ಯಾರ ಮುಂದೆಯೂ ಈ ಮಾತು ಎತ್ತುವುದಿಲ್ಲವೆಂದೂ ಅದರಲ್ಲಿ ಬರೆದಿತ್ತು.

"ಮತ್ತ ನಮ್ಮ ಶೀತಲನ ಗಾಡಿ?"

"ಅವರ ಸುದ್ದಿ ನಿಮಗ್ಯಾಕ್ರಿ? ಅವರೇನ್ ತಕ್ರಾರ ಕೊಟ್ಟಿಲ್ಲಲ್ಲ."

ಮಹಾವೀರನ ಮೈ ಉರಿಯಿತು. ಶೀತಲ ಅವನ ಹೆಂಡತಿಯ ತಮ್ಮ. ಅವನ ಗಾಡಿಯ ಬಾಗಿಲೂ ಇದೇ ಆಟ ಆಡುತ್ತಿತ್ತು. ಅವನು ತಕರಾರು ಕೊಡದೆ, ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿಯಿಂದ ಒಳಗಿನಿಂದ ಬಾಗಿಲು ಬಿಗಿದುಕೊಂಡು ಓಡಾಡುತ್ತಿದ್ದ. ಭಾವ ಆರಿಸಿಕೊಟ್ಟ ಗಾಡಿಯಲ್ಲಿ ಕುಂದು ಹುಡುಕಿ ಹೆಸರಿಡುವುದು ಹೇಗೆಂಬ ಸಂಕೋಚ ಅವನಿಗೆ.

ಮೋಟರಿರಲಿ, ಟ್ರ್ಯಾಕ್ಟರಿರಲಿ, ಅವರ ಕಡೆ ತಿಳಿದವನೊಬ್ಬನನ್ನು ಕೇಳಿಯೇ ಕೊಳ್ಳುವುದು. ಕಾಗವಾಡದಲ್ಲಿ ಆ ತಿಳಿದವನು ಮಹಾವೀರ. ಗಾಡಿ ಬಂದ ಮೊದಲ ತಿಂಗಳಲ್ಲೇ, ಹಿಂದಿನ ಸೀಟು ಖಾಲಿ ಇದ್ದಾಗ, ಬಾಗಿಲು ಒಮ್ಮೆ ತೆರೆದುಕೊಂಡಿತ್ತು. "ಮನಿಗೆ ಬಂದ ಲಕ್ಷ್ಮೀಗೆ ಹೆಸರ ಇಡಬ್ಯಾಡ್ರಿ," ಎಂದಿದ್ದಳು ಹೆಂಡತಿ ಉಜ್ವಲಾ. ಅವನಿಗೂ ಅದೇ ಬೇಕಾಗಿತ್ತು; ಶೋರೂಮಿನಲ್ಲಿ ಎಣ್ಣೆ ಬಿಡಿಸಿಕೊಂಡು ಬಂದು ಊರಲ್ಲಿ ಬಾಯಿ ಬಿಡಲಿಲ್ಲ. ತಾನು ಮೋಸಹೋದೆ ಎಂದು ಊರಿಗೆ ಯಾರು ಹೇಳುತ್ತಾರೆ? ಅದಾದ ಎರಡು ತಿಂಗಳಿಗೆ ಶೀತಲ ಕೇಳಿದಾಗ, "ಕಣ್ಣ ಮುಚ್ಚಿ ತಗೋ," ಎಂದುಬಿಟ್ಟಿದ್ದ.

ಸಹಿ ಮಾಡದ ಕಾಗದವನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದ.

ಅಂಗಳದಲ್ಲಿ ಅಂಥದೇ ಒಂದು ಹೊಸ ಗಾಡಿಗೆ ಪೂಜೆ ಮುಗಿದಿತ್ತು. ಹಾರ ಹಾಕಿ, ಗಾಲಿಗಳಿಗೆ ನಿಂಬೆಹಣ್ಣು ಇಟ್ಟಿದ್ದರು. ಹಿಂದಿನ ಸೀಟಿನಲ್ಲಿ ಮುದುಕಿಯೊಬ್ಬಳು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಡಗಡೆಯ ಬಾಗಿಲಿಗೆ ಒರಗಿದ್ದಳು. ಕೀಲಿ ಹಿಡಿದ ಗಂಡಸು ಮಹಾವೀರನನ್ನು ಕಂಡವನೇ ಕೈ ಮುಗಿದ.

"ಕಾಗವಾಡದ ಮಹಾವೀರಣ್ಣಾರ ಅಲ್ರೀ? ನಾ ಐಗಳಿ ಊರಿನ ಧರೆಪ್ಪ. ಸುಧೀರ ಸಾಹೇಬ್ರು ಮೊಬೈಲ್‌ನ್ಯಾಗ ನಿಮ್ಮ ಫೋಟೋ ತೋರ್ಸಿದ್ರು. ನಿಮ್ಮಂಥಾ ತಿಳದವರು ತಗೊಂಡಾರ ಅಂದ ಮ್ಯಾಲ ನಾವ್ ಹಿಂದ ಮುಂದ ನೋಡ್ಲಿಲ್ರಿ."

ಸುಧೀರನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಮರುಕ್ಷಣ ಆ ಸಿಟ್ಟೆಲ್ಲ ತನ್ನ ಮೇಲೆಯೇ ತಿರುಗಿತು. ಒಳ್ಳೆಯ ಘಳಿಗೆಯಲ್ಲಿ ಕೆಟ್ಟ ಮಾತು ಆಡಬಾರದು ಎಂದು ನಾಲಿಗೆ ಒಮ್ಮೆ ತಡೆಯಿತು.

"ಈ ಗಾಡಿ ಬಾಗಿಲಾ ಓಡೂಮುಂದ ತಾನ ತಗೀತೈತ್ರಿ," ಎಂದ. "ಮೊದಲನೇ ತಿಂಗಳದಾಗ ಗೊತ್ತಾಗಿತ್ತು ನನಗ. ಮರ್ಯಾದಿಗಂಜಿ ಬಾಯಿ ಮುಚ್ಕೊಂಡ ಕುಂತೆ. ನಂದ ತಪ್ಪ. ಹೋದ ರವಿವಾರ ನಮ್ಮವ್ವನ ಕೈ ಮುರೀತು. ನನ್ನ ಮಗಳು ಉಳದದ್ದ ದೊಡ್ಡದು."

ಸುಧೀರ ಓಡಿ ಬಂದ. "ಪೂಜಿ ವ್ಯಾಳ್ಯಾದಾಗ ಇದೇನ್ರಿ ಅಣ್ಣಾರ!"

"ಹತ್ತಿರ ಬರಬ್ಯಾಡ ನೀ!" ಎಂದು ಮಹಾವೀರ ಗದರಿದ.

ಧರೆಪ್ಪನ ಮುಖ ಗಂಟಾಯಿತು. "ಹೊಸಾ ಗಾಡಿ ಮುಂದ ನಿಂತ ಹಿಂಗೆಲ್ಲಾ ಮಾತಾಡಬಾರ್ದ್ರೀ. ಅತ್ಲಾಗ ಸರೀರಿ, ಹೊಂಡೂ ವ್ಯಾಳ್ಯಾ ಆತು." ಅವನು ಮುಂದಿನ ಸೀಟಿಗೆ ಹತ್ತಿ ಕೀಲಿ ತಿರುಗಿಸಿದ.

ಮಹಾವೀರ ಗಾಡಿಯ ಮುಂದಿನಿಂದ ಸರಿಯಲಿಲ್ಲ. ಹಾರ್ನು ಹೊಡೆದರೂ ಸರಿಯಲಿಲ್ಲ.

ಹಿಂದಿನ ಕಿಟಕಿಯಿಂದ ಆ ಮುದುಕಿ, ಧರೆಪ್ಪನ ತಾಯಿ ಶಿವಗಂಗವ್ವ, ತಲೆ ಹೊರಹಾಕಿದಳು. "ಯಾ ಬಾಗಿಲಾ ಅಂದಿ ತಮ್ಮಾ?"

ಅವನು ಬೆರಳು ತೋರಿಸಿದ. ಶಿವಗಂಗವ್ವ ಮೊಣಕೈಯನ್ನು ಅಲ್ಲಿಂದ ತೆಗೆದಳು. ಕೂಸನ್ನು ಎತ್ತಿಕೊಂಡು ಸೀಟಿನುದ್ದಕ್ಕೂ ಸರಿದು, ಆಚೆಯ ಬಾಗಿಲಿನಿಂದ ಮೆಲ್ಲಗೆ ಇಳಿದಳು.

"ಯವ್ವಾ, ಹತ್ತ ಬೇ! ಮಂದಿ ನೋಡಾಕತ್ತಾರ," ಎಂದ ಧರೆಪ್ಪ.

ಅವಳು ತಿರುಗಿ ನೋಡಲಿಲ್ಲ. ಮೊಮ್ಮಗನನ್ನು ಕಂಕುಳಲ್ಲಿ ಸರಿಮಾಡಿಕೊಂಡು ಗೇಟಿನವರೆಗೆ ನಡೆದು, ತಮ್ಮೂರ ಕಡೆಯ ಅಥಣಿ ಬಸ್ಸು ಎಷ್ಟು ಹೊತ್ತಿಗೆ ಐತಿ ಎಂದು ವಾಚ್‌ಮನ್ನನನ್ನು ಕೇಳಿದಳು.